ಟರ್ನಿಪ್ಪಿನೊಳಗಿನ ದೀಪ

ಮೊದಲ ಚಮಚ ಬಾಗಿತು. ಎರಡನೆಯದರ ಹಿಡಿಯೇ ಕಿತ್ತುಬಂತು. ದೀಪ ಇಡಲು ಟರ್ನಿಪ್ ಗೆಡ್ಡೆ ಕೊರೆಯುವುದು ಕುಂಬಳಕಾಯಿ ಕೊರೆದಷ್ಟು ಸಲೀಸಲ್ಲ ಎಂದು ಪಕ್ಕದ ಮನೆಯ ಅಜ್ಜಿ ಮೊದಲೇ ಎಚ್ಚರಿಸಿದ್ದರು. ಕಿವಿಗೆ ಹಾಕಿಕೊಳ್ಳದವನು ನಾನು. ಕೊನೆಗೆ ಅಡುಗೆಮನೆಯ ಕೆಳಗಿನ ಕಪಾಟಿನಿಂದ ಹೆರೆಮಣೆ ಎಳೆದು ತಂದೆ. ಅದರ ಮೇಲೆ ಕೂತು, ತಲೆ ಕತ್ತರಿಸಿದ ಟರ್ನಿಪ್ಪನ್ನು ಕಾಯಿಕಡಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಹೆರೆಯತೊಡಗಿದೆ. ಹಳದಿ ತುರಿ ತಟ್ಟೆಗೆ ಉದುರಿತು. ಎಂಟು ವರ್ಷದ ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಅಪ್ಪಾ, ಇದ್ರದ್ದೂ ಪಲ್ಯ ಮಾಡ್ತೀಯಾ?" ಎಂದು ಅನುಮಾನದಿಂದಲೇ ಕೇಳಿದಳು. ಮಾಡಿದೆ ಕೂಡ. ಚೆನ್ನಾಗಿರಲಿಲ್ಲ.

ಅದು 2024ರ ಅಕ್ಟೋಬರ್ 31. ಐರ್ಲೆಂಡಿನ ಮೀತ್ ಜಿಲ್ಲೆಯ ನಮ್ಮ ಮನೆಯಲ್ಲಿ ಅವತ್ತು ಒಂದೇ ದಿನಕ್ಕೆ ಎರಡು ಹಬ್ಬ. ಬೆಳಿಗ್ಗೆ ನರಕ ಚತುರ್ದಶಿಯ ಎಣ್ಣೆಸ್ನಾನ, ಸಂಜೆ ಹ್ಯಾಲೋವೀನ್. ಮಾರನೆಯ ದಿನ ಇಲ್ಲಿ ಸಕಲ ಸಂತರ ಹಬ್ಬ, ನಮಗೆ ರಾಜ್ಯೋತ್ಸವ. ಅದರ ಮಾರನೆಯ ದಿನ ಇಲ್ಲಿ ಸತ್ತವರ ಆತ್ಮಗಳ ದಿನ, ನಮಗೆ ಬಲಿಪಾಡ್ಯಮಿ. ಪಂಚಾಂಗವೂ ಗೋಡೆಯ ಕ್ಯಾಲೆಂಡರೂ ಹೀಗೆ ಮೂರು ದಿನ ಜೊತೆಜೊತೆಗೆ ನಡೆಯುವುದು ಅಪರೂಪ. ಬಲಿಚಕ್ರವರ್ತಿ ಪಾತಾಳದಿಂದ ಮೇಲೆ ಬರುವ ದಿನವೇ ಇಲ್ಲಿಯವರು ತೀರಿಕೊಂಡವರಿಗಾಗಿ ಬಾಗಿಲ ಚಿಲಕ ತೆಗೆದಿಡುತ್ತಿದ್ದರು ಅಂದರೆ ಯಾರಿಗಾದರೂ ಮೈ ಜುಂ ಅನ್ನುತ್ತದೆ.

ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಅಷ್ಟೇ ಸಾಕಾಯಿತು. ಹ್ಯಾಲೋವೀನಿನ ಮೂಲ ಹೆಸರು 'ಸೌವಿನ್', ಅದು 'ಸಂಹಾರ'ದ ಅಪಭ್ರಂಶ, ನರಕಾಸುರ ಸಂಹಾರವೇ ಯುರೋಪಿಗೆ ಹೋಗಿ ದೆವ್ವದ ಹಬ್ಬವಾಯಿತು ಎಂಬ ಸಂಶೋಧನೆ ಮಧ್ಯಾಹ್ನದೊಳಗೆ ನಾಲ್ಕು ಸಲ ಬಂತು. ಇಂಥದ್ದಕ್ಕೆ ಉತ್ತರ ಕೊಡಬಾರದು ಎಂದು ಗೊತ್ತಿದ್ದೂ ಕೊಟ್ಟೆ. ಹಳೆಯ ಐರಿಷ್ ಭಾಷೆಯಲ್ಲಿ 'ಸಮ್' ಎಂದರೆ ಬೇಸಿಗೆ. ಇಂಗ್ಲಿಷಿನ ಸಮ್ಮರ್ ಅದರ ಒಡಹುಟ್ಟು, ಸಂಸ್ಕೃತದ 'ಸಮಾ' ಕೂಡ ಅದೇ ಬಳಗದ್ದು. ವರ್ಷ ಎಂಬ ಅರ್ಥದಲ್ಲಿ. ಈಶಾವಾಸ್ಯದಲ್ಲಿ "ಜಿಜೀವಿಷೇಚ್ಛತಂ ಸಮಾಃ" ಎಂದು ಬರುತ್ತದಲ್ಲ, ನೂರು ವರ್ಷ ಬದುಕಬೇಕು ಅಂತ, ಅದೇ ಸಮಾ. ಸೌವಿನ್ ಅಂದರೆ ಬೇಸಿಗೆಯ ಕೊನೆ ಎಂದು ಇಲ್ಲಿಯ ಹಳೆಯ ಪಂಡಿತರು ಬಿಡಿಸುತ್ತಿದ್ದರು. ಅಲ್ಲ, ಜನ ಸೇರುವುದು ಎಂಬ ಅರ್ಥದ ಬೇರಿನಿಂದ ಬಂದದ್ದು ಎನ್ನುವ ಭಾಷಾಶಾಸ್ತ್ರಜ್ಞರೂ ಇದ್ದಾರೆ. ಇಷ್ಟೆಲ್ಲ ಟೈಪ್ ಮಾಡಿ ಕಳಿಸಿದ್ದಕ್ಕೆ ಗುಂಪಿನಲ್ಲಿ ಒಂದು ಹೆಬ್ಬೆರಳು ಸಿಕ್ಕಿತು. ಸಂಹಾರದ ಕತೆಗೆ ಇಪ್ಪತ್ತೆರಡು.

ಹಾಗಂತ ಇನ್ನೊಂದು ಕಡೆಯವರ ಕತೆಯೂ ಅಷ್ಟೇನೂ ಗಟ್ಟಿಯಲ್ಲ. ಇಲ್ಲಿ ಬಂದ ಹೊಸದರಲ್ಲಿ ನಾನು ಕೇಳಿದ್ದು, ಪ್ರವಾಸಿ ಫಲಕಗಳಲ್ಲಿ ಓದಿದ್ದು ಎಲ್ಲ ಒಂದೇ ಪಾಠ: ಎರಡು ಸಾವಿರ ವರ್ಷದ ಹಿಂದೆ ಕೆಲ್ಟ್ ಜನ ಸತ್ತವರ ಹಬ್ಬ ಮಾಡುತ್ತಿದ್ದರು, ಆಮೇಲೆ ಬಂದ ಚರ್ಚು ಅದನ್ನು ಕಸಿದುಕೊಂಡು ಸಂತರ ಹಬ್ಬದ ಅಂಗಿ ತೊಡಿಸಿತು. ಕೇಳಲು ಸೊಗಸಾಗಿದೆ. ತೊಂದರೆ ಏನೆಂದರೆ, ಆ ಕಾಲದ ಐರಿಷ್ ಜನ ತಮ್ಮ ಹಬ್ಬದ ಬಗ್ಗೆ ಒಂದು ಸಾಲೂ ಬರೆದಿಟ್ಟಿಲ್ಲ. ನಮಗೆ ಸಿಗುವುದೆಲ್ಲ ಕ್ರೈಸ್ತ ಸನ್ಯಾಸಿಗಳು ಎಷ್ಟೋ ಕಾಲದ ಮೇಲೆ ಬರೆದುಕೊಂಡ ವೀರಗಾಥೆಗಳು. ಅವುಗಳಲ್ಲಿ ಸೌವಿನ್ ಬರುತ್ತದೆ, ಧಾರಾಳವಾಗಿಯೇ ಬರುತ್ತದೆ: ಮೂರು ದಿನ ಮೊದಲಿನಿಂದ ಮೂರು ದಿನ ಆಮೇಲಿನವರೆಗೆ ಊಟ, ಕುಡಿತ, ಪಂದ್ಯ, ಬಡಾಯಿ. ಆ ರಾತ್ರಿ ದಿಬ್ಬಗಳ ಬಾಗಿಲು ತೆರೆದು ಒಳಗಿನ ಮಾಯಾಲೋಕದವರು ಹೊರಗೆ ಬರುತ್ತಾರೆ. ರಾಸ್‌ಕಾಮನ್ ಜಿಲ್ಲೆಯ ರಾತ್‌ಕ್ರೋಹನ್‌ನಲ್ಲಿರುವ ಬೆಕ್ಕಿನ ಗವಿಯಿಂದ ಮೂರು ತಲೆಯ ಪ್ರಾಣಿಯೊಂದು ಎದ್ದುಬಂದು ಸೀಮೆಯನ್ನೇ ಹಾಳುಗೆಡವಿದ ಕತೆಯಿದೆ. ಆದರೆ ಅಜ್ಜ ಮುತ್ತಜ್ಜಂದಿರಿಗೆ ಎಡೆ ಇಡುವ ಮಾತು ಆ ಗಾಥೆಗಳಲ್ಲಿ ಕಾಣುವುದಿಲ್ಲ. ದನಗಳನ್ನು ಬೇಸಿಗೆಯ ಹುಲ್ಲುಗಾವಲಿನಿಂದ ಕೆಳಗಿಳಿಸಿ, ಚಳಿಗಾಲಕ್ಕೆ ಮೇವು ಸಾಲದಷ್ಟನ್ನು ಕಡಿದು, ಮಾಂಸ ಉಪ್ಪು ಹಾಕಿ ಕಟ್ಟಿಡುವ ಕಾಲ ಅದು. ಹಬ್ಬದ ಹಿಂದೆ ಇದ್ದದ್ದು ಕೊಟ್ಟಿಗೆ.

ಚರ್ಚಿನ ಲೆಕ್ಕ ನೋಡಿದರೆ ಕತೆ ಇನ್ನೂ ಸಿಕ್ಕಾಗುತ್ತದೆ. ರೋಮಿನ ಪ್ಯಾಂಥಿಯನ್ ದೇಗುಲವನ್ನು ಪೋಪ್ 4ನೆಯ ಬೋನಿಫೇಸ್ ಮೇರಿಗೂ ಹುತಾತ್ಮರಿಗೂ ಅರ್ಪಿಸಿದ್ದು ಮೇ 13ರಂದು, 7ನೇ ಶತಮಾನದ ಆರಂಭದಲ್ಲಿ. ನವೆಂಬರ್ 1ರ ಸಂತರ ಹಬ್ಬ ಫ್ರಾಂಕರ ಸಾಮ್ರಾಜ್ಯಕ್ಕೆಲ್ಲ ಕಡ್ಡಾಯವಾದದ್ದು 835ರಲ್ಲಿ. ಅದೇ ಸುಮಾರಿನ ಐರ್ಲೆಂಡಿನ ಸಂತರ ಪಟ್ಟಿಗಳಲ್ಲಿ ಸಕಲ ಸಂತರ ಹಬ್ಬ ಯಾವಾಗ ಇದೆ ಗೊತ್ತೇ? ಏಪ್ರಿಲ್ 20ಕ್ಕೆ! ಬ್ರಿಟಿಷ್ ಇತಿಹಾಸಕಾರ ರೊನಾಲ್ಡ್ ಹಟನ್ ಎತ್ತಿ ತೋರಿಸಿದ್ದು ಇದನ್ನೇ. ಸೌವಿನ್ನನ್ನು ನುಂಗಲೆಂದೇ ನವೆಂಬರ್ 1 ಆರಿಸಿದ್ದಾದರೆ, ಸೌವಿನ್ ಆಚರಿಸುವ ನಾಡಿನಲ್ಲೇ ಅದು ಏಪ್ರಿಲ್‌ನಲ್ಲಿ ಯಾಕಿತ್ತು? ನವೆಂಬರ್ 2ರ ಆತ್ಮಗಳ ದಿನ ಇನ್ನೂ ಆಚೆಗಿನದು, ಕ್ಲೂನಿ ಮಠದ ಓಡಿಲೋ ಸುಮಾರು ಕ್ರಿ.ಶ. 1000ದ ಆಸುಪಾಸಿನಲ್ಲಿ ತನ್ನ ಮಠಗಳಿಗೆಂದು ಗೊತ್ತುಮಾಡಿದ್ದು. ಹ್ಯಾಲೋ ಅಂದರೆ ಸಂತ, ಈನ್ ಅಂದರೆ ಸಂಜೆ. ಹ್ಯಾಲೋವೀನ್ ಎಂಬ ಹೆಸರು ಪೂರ್ತಿ ಚರ್ಚಿನದೇ. ಸತ್ತವರು ಈ ಹಬ್ಬಕ್ಕೆ ಬಂದದ್ದು ಗುಡ್ಡದ ಕಡೆಯಿಂದಲೋ ಮಠದ ಕಡೆಯಿಂದಲೋ ಎಂದರೆ, ನನ್ನ ಓಟು ಮಠಕ್ಕೆ. ಬೆಂಕಿ, ಮುಖವಾಡ, ಕಿಡಿಗೇಡಿತನ ಮಾತ್ರ ಕೊಟ್ಟಿಗೆಯ ಕಡೆಯವು ಅನ್ನಿಸುತ್ತದೆ.

ಬೆಂಕಿಯ ಮಾತು ಬಂತಲ್ಲ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಅತ್‌ಬಾಯ್ ಎಂಬ ಸಣ್ಣ ಊರಿದೆ. ಅದರ ಪಕ್ಕದಲ್ಲಿ ಟ್ಲಾಖ್ಟ್‌ಗಾ. ಗುಡ್ಡ ಅನ್ನುತ್ತಾರೆ, ಮಲೆನಾಡಿನಲ್ಲಿ ಹುಟ್ಟಿದವನಿಗೆ ಅದು ದಿಬ್ಬ. ಒಂದರೊಳಗೊಂದು ಬಳೆಗಳ ಹಾಗೆ ಮಣ್ಣಿನ ಏರಿ, ನಡುವೆ ಕಂದಕ, ಮೇಲೆಲ್ಲ ಹುಲ್ಲು. 2014ರಲ್ಲಿ ಡಬ್ಲಿನ್ನಿನ ಪುರಾತತ್ವದವರು ಇಲ್ಲಿ ಅಗೆಯಲು ಶುರುಮಾಡಿ, ಇದು ಬೇರೆಬೇರೆ ಕಾಲದಲ್ಲಿ ಮತ್ತೆಮತ್ತೆ ಕಟ್ಟಿದ ಜಾಗ ಎಂದು ಕಂಡುಕೊಂಡರು. ನಾನು ಹೋದಾಗ ಕುರಿಯ ಹಿಕ್ಕೆ ತುಳಿಯದೆ ನಡೆಯುವುದರಲ್ಲೇ ಗಮನವೆಲ್ಲ ಹೋಯಿತು. 17ನೇ ಶತಮಾನದಲ್ಲಿ ಐರ್ಲೆಂಡಿನ ಇತಿಹಾಸ ಬರೆದ ಪಾದ್ರಿ ಜೆಫ್ರಿ ಕೀಟಿಂಗ್ ಈ ದಿಬ್ಬದ ಬಗ್ಗೆ ಹೇಳುವುದು ಹೀಗೆ: ಸೌವಿನ್ ಹಿಂದಿನ ರಾತ್ರಿ ದ್ರೂಯಿಡರು, ಅಂದರೆ ಹಳೆಯ ಕೆಲ್ಟ್ ಪುರೋಹಿತರು, ಇಲ್ಲಿ ಬೆಂಕಿ ಹೊತ್ತಿಸುತ್ತಿದ್ದರು. ಅಷ್ಟರಲ್ಲಿ ಐರ್ಲೆಂಡಿನ ಪ್ರತಿಯೊಂದು ಮನೆಯ ಒಲೆಯೂ ಆರಿರಬೇಕು. ಆಮೇಲೆ ಎಲ್ಲರೂ ಈ ಬೆಂಕಿಯಿಂದಲೇ ಒಲೆ ಹೊತ್ತಿಸಿಕೊಳ್ಳಬೇಕು. ಪುಕ್ಕಟೆ ಅಲ್ಲ, ಮನೆಗೊಂದು ಬೆಳ್ಳಿ ನಾಣ್ಯ ದಕ್ಷಿಣದ ಮನ್‌ಸ್ಟರ್ ಸೀಮೆಯ ರಾಜನಿಗೆ ಸಲ್ಲಬೇಕು. ಕೀಟಿಂಗ್ ಬರೆದದ್ದು ಆ ಕಾಲಕ್ಕಿಂತ ಸಾವಿರ ವರ್ಷ ಈಚೆಗೆ, ಆದ್ದರಿಂದ ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು. ಆದರೂ ಆ ತೆರಿಗೆಯ ವಿವರ ಇದೆಯಲ್ಲ, ಅದು ಯಾರೋ ಕೂತು ಹೆಣೆದ ಪುರಾಣದ ಹಾಗೆ ಕೇಳುವುದಿಲ್ಲ. ಪುರಾಣದಲ್ಲಿ ರಸೀದಿ ಇರುವುದಿಲ್ಲ.

ಆ ದಿಬ್ಬದ ಮೇಲೆ ನಿಂತಾಗ ನನಗೆ ನೆನಪಾದದ್ದು ಹೊಸನಗರದ ಕಡೆಯ ನನ್ನ ಅಜ್ಜನ ಮನೆಯ ಜಗಲಿ. ಬಲಿಪಾಡ್ಯಮಿಯ ರಾತ್ರಿ ಮಕ್ಕಳು ನಿದ್ದೆಗಣ್ಣಲ್ಲಿ ಕಾಯುತ್ತಿದ್ದುದು ಅಂಟಿಗೆ ಪಿಂಟಿಗೆಯವರಿಗೆ. ಮೊದಲು ದೂರದಲ್ಲಿ ನಾಯಿ ಬೊಗಳುತ್ತಿತ್ತು. ಆಮೇಲೆ ಗದ್ದೆಯ ಅಂಚಿನ ಮೇಲೆ ಒಂದು ಬೆಳಕಿನ ಚುಕ್ಕಿ. ಕಂಬಳಿ ಹೊದ್ದ ಏಳೆಂಟು ಜನ, ಒಬ್ಬರ ಕೈಯಲ್ಲಿ ಗಾಳಿಗೆ ಮರೆಮಾಡಿ ಹಿಡಿದ ದೀಪ. ಬಾಗಿಲು ತೆಗೆಯಿರಿ ಎಂದು ಹಾಡಿನಲ್ಲೇ ಕೇಳುತ್ತಿದ್ದರು. ಅಜ್ಜಿ ಒಳಗಿನಿಂದ ಬಂದು ಅವರ ದೀಪಕ್ಕೆ ಎಣ್ಣೆ ಎರೆದು, ಆ ದೀಪದಿಂದ ನಮ್ಮ ಮನೆಯ ದೀಪ ಹೊತ್ತಿಸಿಕೊಂಡು, ಅಕ್ಕಿ, ಕಾಯಿ, ಹೋಳಿಗೆ, ದುಡ್ಡು ಕೊಡುತ್ತಿದ್ದಳು. ಹಾಡು ಮುಗಿಸಿ, ಹರಸಿ, ಮುಂದಿನ ಮನೆಗೆ ಹೊರಟುಬಿಡುತ್ತಿದ್ದರು. ನನಗೆ ಆ ಹಾಡುಗಳಲ್ಲಿ ಒಂದೂ ಪೂರ್ತಿ ಬರುವುದಿಲ್ಲ. ಆ ದೀಪ ಆರಬಾರದು ಎನ್ನುವುದು ಮಾತ್ರ ಗೊತ್ತು. ಒಮ್ಮೆ ಗಾಳಿಗೆ ಆರಿಯೇ ಹೋಗಿ, ದೀಪ ಹಿಡಿದಿದ್ದ ಮಾವನ ಮುಖ ಬಿಳಿಚಿಕೊಂಡದ್ದೂ ನೆನಪಿದೆ.

ಇದಕ್ಕೂ ಅದಕ್ಕೂ ನಂಟಿದೆ ಎಂದು ನಾನು ಹೇಳಹೊರಟಿಲ್ಲ. ಹಾಗೆ ಹೇಳಿದರೆ ವಾಟ್ಸಾಪ್ ಗುಂಪಿಗೂ ನನಗೂ ಏನು ವ್ಯತ್ಯಾಸ? ಕತ್ತಲು ಬೆಳೆಯುವ ಕಾಲದಲ್ಲಿ, ಬೆಳೆ ಮನೆಗೆ ಬರುವ ಹೊತ್ತಿನಲ್ಲಿ, ಯಾರೋ ರಾತ್ರಿ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ, ಮನೆಯವರು ಕೊಡುತ್ತಾರೆ. ಇಲ್ಲಿಯ ಹ್ಯಾಲೋವೀನಿನಲ್ಲೂ ನನಗೆ ದೆವ್ವಕ್ಕಿಂತ ಆ ಬಾಗಿಲು ಮುಖ್ಯ ಅನ್ನಿಸುತ್ತದೆ. ಇಂಗ್ಲೆಂಡಿನಲ್ಲಿ ಬಡವರು, ಮಕ್ಕಳು ಸತ್ತವರ ಆತ್ಮಕ್ಕೆ ಪ್ರಾರ್ಥಿಸುತ್ತೇವೆ ಎಂದು ಮನೆಮನೆಗೆ ಹೋಗಿ 'ಆತ್ಮದ ರೊಟ್ಟಿ' ಬೇಡುತ್ತಿದ್ದರು. ಕಾರ್ಕ್ ಜಿಲ್ಲೆಯ ಪೂರ್ವದಲ್ಲಿ 19ನೇ ಶತಮಾನದವರೆಗೂ 'ಲಾರ್ ವಾನ್', ಅಂದರೆ ಬಿಳಿ ಹೆಣ್ಣುಕುದುರೆ, ಊರಾಡುತ್ತಿತ್ತು. ಬಿಳಿ ಬಟ್ಟೆ ಹೊದ್ದು ಕುದುರೆಯ ವೇಷ ಕಟ್ಟಿದವನೊಬ್ಬ ಮುಂದೆ, ದನದ ಕೊಂಬು ಊದುವ ಹುಡುಗರು ಹಿಂದೆ. ಕೊಟ್ಟರೆ ಹೊಲ ಕೊಟ್ಟಿಗೆ ತುಂಬಲಿ ಎಂದು ಹಾರೈಕೆ, ಕೊಡದಿದ್ದರೆ ಅದರ ಫಲ ನೀವೇ ಉಣ್ಣಿ ಎಂಬ ಧಮಕಿ. ಸ್ಕಾಟ್ಲೆಂಡಿನಲ್ಲಿ ವೇಷ ಹಾಕಿದ ಮಕ್ಕಳು ಸುಮ್ಮನೆ ಕೈ ಚಾಚುವಂತಿರಲಿಲ್ಲ. ಹಾಡೋ ಪದ್ಯವೋ ಒಂದು ನಗೆಹನಿಯೋ ಒಪ್ಪಿಸಲೇಬೇಕಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿ ಈಗಲೂ ಅದೇ ಕಾನೂನಿನವರು. ಹಾಡು ಹೇಳದವರಿಗೆ ಅವರಲ್ಲಿ ಚಾಕೊಲೇಟ್ ಇಲ್ಲ.

ನಾವೋ, 'ನಾಳೆ ಬಾ' ಎಂದು ಬಾಗಿಲ ಮೇಲೆ ಬರೆದವರು. ರಾತ್ರಿ ಬಂದ ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ದೆವ್ವಕ್ಕೂ ಅಕ್ಷರ ಬರುತ್ತದೆ, ಸರ್ಕಾರಿ ಕಚೇರಿಗೆ ಅಲೆದು ಅಭ್ಯಾಸವೂ ಇದೆ ಎಂದು ನಂಬಿದ ನಾಡು ಇನ್ನೊಂದು ಇರಲಾರದು.

ಇಲ್ಲಿಗೆ ಬಂದ ಮೊದಲ ವರ್ಷ ನನಗೆ ಈ ಬಾಗಿಲಿನ ರೀತಿನೀತಿ ಒಂದೂ ಗೊತ್ತಿರಲಿಲ್ಲ. ಮನೆ ಮುಂದಿನ ದೀಪ ಹೊತ್ತಿಸಿಟ್ಟರೆ ಬನ್ನಿ ಎಂದು ಅರ್ಥ, ಬೇಡದವರು ಆರಿಸಿಡುತ್ತಾರೆ. ನಾನು ಎಂದಿನಂತೆ ಹೊತ್ತಿಸಿದ್ದೆ. ಆರೂವರೆಗೆ ಬಾಗಿಲು ತಟ್ಟಿದ್ದು ಕೇಳಿ ತೆಗೆದರೆ ಎರಡು ಅಸ್ಥಿಪಂಜರ, ಒಂದು ಮಾಟಗಾತಿ, ಒಂದು ಬಾಳೆಹಣ್ಣು. (ಬಾಳೆಹಣ್ಣಿನ ವೇಷ ಯಾಕೆಂದು ಇವತ್ತಿಗೂ ಅರ್ಥವಾಗಿಲ್ಲ.) ಮನೆಯಲ್ಲಿ ಒಂದು ಚಾಕೊಲೇಟೂ ಇಲ್ಲ. ಊರಿಂದ ತಂದ ಚಕ್ಕುಲಿಯ ಡಬ್ಬ ಕಣ್ಣಿಗೆ ಬಿತ್ತು. ನಾಲ್ವರ ಚೀಲಕ್ಕೂ ಒಂದೊಂದು ಹಾಕಿದೆ. ಚಿಕ್ಕ ಅಸ್ಥಿಪಂಜರ ಚೀಲದೊಳಗೆ ಇಣುಕಿ, ಸುತ್ತಿಕೊಂಡ ಮುಳ್ಳುಮುಳ್ಳಾದ ಆ ಪದಾರ್ಥವನ್ನು ನೋಡಿ, ಅಕ್ಕನಿಗೆ ಪಿಸುಗುಟ್ಟಿತು: "ಇವರು ನಿಜವಾದ ಹುಳ ಕೊಟ್ಟರು." ಮಾರನೆಯ ವರ್ಷ ಅದೇ ಹುಡುಗ ಚಾಕೊಲೇಟ್ ಬೇಡ, ಆ ಹುಳ ಇದೆಯಾ ಎಂದು ಕೇಳಿಕೊಂಡು ಬಂದ.

ಟರ್ನಿಪ್ಪಿಗೆ ವಾಪಸು ಬರುತ್ತೇನೆ. ಇಲ್ಲಿಯವರು ಟರ್ನಿಪ್ ಅನ್ನುವ ಗೆಡ್ಡೆಗೆ ಇಂಗ್ಲೆಂಡಿನವರು ಸ್ವೀಡ್ ಅನ್ನುತ್ತಾರೆ. ನಮ್ಮ ನವಿಲುಕೋಸಿನ ದೂರದ ನೆಂಟ, ಅದಕ್ಕಿಂತ ಎರಡು ಪಟ್ಟು ಹಟಮಾರಿ. ಮೇಯೋ ಜಿಲ್ಲೆಯ ಕ್ಯಾಸಲ್‌ಬಾರ್ ಹತ್ತಿರ ಟರ್ಲೋ ಎಂಬಲ್ಲಿ ಗ್ರಾಮಜೀವನದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಅಲ್ಲಿ ಗಾಜಿನ ಹಿಂದೆ ಡೊನೆಗಾಲ್ ಜಿಲ್ಲೆಯ ಫಿನ್‌ಟೌನ್‌ನಿಂದ ಬಂದ ಒಂದು ಟರ್ನಿಪ್ ಮುಖವಿದೆ. 1943ರಲ್ಲಿ ಅಲ್ಲಿಯ ಶಾಲೆಯ ಟೀಚರೊಬ್ಬರು ಕೊಟ್ಟದ್ದು. ಕೊಳೆತು ಪುಡಿಯಾಗುವ ಮುಂಚೆ ಅದರ ಪ್ಲಾಸ್ಟರ್ ಅಚ್ಚು ತೆಗೆದಿಟ್ಟರು. ಈಗ ಕಾಣುವುದು ಆ ಅಚ್ಚು. ಕುಂಬಳಕಾಯಿಯ ನಗುಮುಖ ನೋಡಿ ಅಭ್ಯಾಸವಾದವರು ಇದನ್ನು ಒಮ್ಮೆ ನೋಡಬೇಕು. ಗುಳಿಬಿದ್ದ ಕಣ್ಣು, ಸುಕ್ಕು ಸುಕ್ಕು ಕೆನ್ನೆ, ಕಿರಿದ ಹಲ್ಲು. ಮಗಳು ಗಾಜಿನ ಮುಂದೆ ಒಂದು ಕ್ಷಣ ನಿಂತು, ಹಿಂದೆ ಬಂದು ನನ್ನ ಕೋಟಿನ ತುದಿ ಹಿಡಿದುಕೊಂಡಳು. ಅಂಗಡಿಯಲ್ಲಿ ಸಿಗುವ ಯಾವ ರಬ್ಬರ್ ಮುಖವಾಡಕ್ಕೂ ಅವಳು ಹಾಗೆ ಮಾಡಿದವಳಲ್ಲ.

ಈ ದೀಪಕ್ಕೆ ಒಂದು ಕತೆಯೂ ಅಂಟಿಕೊಂಡಿದೆ. ಜಾಕ್ ಎಂಬ ಕುಡುಕ ಸೈತಾನನಿಗೇ ಟೋಪಿ ಹಾಕಿ, ನನ್ನ ಆತ್ಮ ಮುಟ್ಟಬೇಡ ಎಂದು ಭಾಷೆ ತೆಗೆದುಕೊಂಡ. ಸತ್ತ ಮೇಲೆ ಸ್ವರ್ಗದವರು ಒಳಗೆ ಬಿಡಲಿಲ್ಲ. ನರಕಕ್ಕೆ ಹೋದರೆ ಸೈತಾನನೂ ಮಾತಿಗೆ ತಪ್ಪುವವನಲ್ಲ, ಸೇರಿಸಲಿಲ್ಲ. ದಾರಿ ಕಾಣಲಿ ಎಂದು ಒಂದು ಕೆಂಡ ಮಾತ್ರ ಎಸೆದ. ಜಾಕ್ ಅದನ್ನು ಕೊರೆದ ಟರ್ನಿಪ್ಪಿನೊಳಗೆ ಇಟ್ಟುಕೊಂಡು ಇನ್ನೂ ಅಲೆಯುತ್ತಿದ್ದಾನೆ. ನಮ್ಮ ತ್ರಿಶಂಕುವಿಗಾದರೂ ವಿಶ್ವಾಮಿತ್ರರ ಕೃಪೆಯಿಂದ ಒಂದು ಸ್ವರ್ಗ ಸಿಕ್ಕಿತು. ಜೌಗುನೆಲದ ಮೇಲೆ ರಾತ್ರಿ ಮಿಣುಕುವ ಬೆಳಕಿಗೂ ಇಂಗ್ಲಿಷಿನಲ್ಲಿ ಜ್ಯಾಕ್-ಓ-ಲ್ಯಾಂಟರ್ನ್ ಎಂದೇ ಹೆಸರಿತ್ತು, ತರಕಾರಿಗೆ ಆ ಹೆಸರು ಬಂದದ್ದು ಆಮೇಲೆ. ಗದ್ದೆಬಯಲಿನಲ್ಲಿ ಬೆಳೆದ ನಮಗೆ ಅವನು ಕೊಳ್ಳಿದೆವ್ವ. ಜಾಕ್ ಎಂಬ ಹೆಸರಾಗಲಿ ಕುಡಿತದ ಚಾಳಿಯಾಗಲಿ ಅವನಿಗಿರಲಿಲ್ಲ ಅಷ್ಟೆ.

ಪಕ್ಕದ ಮನೆಯ ಅಜ್ಜಿ ಡೊನೆಗಾಲ್ ಕಡೆಯವರು, ಎಂಬತ್ತು ದಾಟಿದೆ. ಅವರ ಬಾಲ್ಯದ ಹ್ಯಾಲೋವೀನ್ ಅಂದರೆ ತೂಗುಬಿಟ್ಟ ಸೇಬನ್ನು ಕೈ ಕಟ್ಟಿಕೊಂಡು ಬಾಯಲ್ಲೇ ಕಚ್ಚುವುದು, ಒಲೆಯ ಬದಿಯಲ್ಲಿ ಎರಡು ಕಾಯಿಬೀಜ ಇಟ್ಟು, ಒಟ್ಟಿಗೆ ಉರಿದರೆ ಮದುವೆ, ಒಂದು ಸಿಡಿದು ಹಾರಿದರೆ ಮುರುಕು ಎಂದು ನಗುವುದು. ಹ್ಯಾಲೋವೀನ್ ಕಳೆದ ಮೇಲೆ ಬೇಲಿಯ ಬ್ಲ್ಯಾಕ್‌ಬೆರಿ ತಿನ್ನಕೂಡದು, ಪೂಕಾ ಎಂಬ ವೇಷ ಬದಲಿಸುವ ಭೂತ ಅದರ ಮೇಲೆ ಉಗುಳಿರುತ್ತದೆ. ಬ್ರಾಕ್ ಎಂಬ ಒಣದ್ರಾಕ್ಷಿಯ ರೊಟ್ಟಿಯೊಳಗೆ ಉಂಗುರ, ನಾಣ್ಯ, ಚಿಂದಿ ಬಟ್ಟೆ, ಕಡ್ಡಿ, ಬಟಾಣಿ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ಚಿಂದಿ ಸಿಕ್ಕವರಿಗೆ ಬಡತನ. "ನಮ್ಮಲ್ಲಿ ಎಲ್ಲರಿಗೂ ಚಿಂದಿಯೇ ಸಿಗಬೇಕಿತ್ತು, ಅಷ್ಟು ಬಡವರು," ಎಂದು ನಕ್ಕರು ಅಜ್ಜಿ. ರಾತ್ರಿ ಮಲಗುವಾಗ ಅವರ ತಾಯಿ ಒಲೆಗೆ ಇನ್ನೊಂದಿಷ್ಟು ಪೀಟ್ ಎಂಬ ಉರುವಲು ಮಣ್ಣು ಹಾಕಿ, ಎದುರಿಗೆ ಕುರ್ಚಿ ಎಳೆದಿಟ್ಟು, ಚಿಲಕ ಹಾಕದೆ ಬಿಡುತ್ತಿದ್ದರಂತೆ. ಯಾರಿಗೆಂದು ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಅಜ್ಜಿಯ ಒಬ್ಬ ತಮ್ಮ ಮಗುವಾಗಿದ್ದಾಗಲೇ ಹೋಗಿದ್ದ.

ಕುಂಬಳಕಾಯಿ ಬಂದದ್ದು ಅಟ್ಲಾಂಟಿಕ್ ಆಚೆಯಿಂದ. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಇಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹೋದವರು ಹಬ್ಬವನ್ನೂ ಒಯ್ದರು. ಅಲ್ಲಿ ಕೊರೆಯಲು ಮೆತ್ತಗಿನ, ದೊಡ್ಡ, ಬಣ್ಣದ ಕಾಯಿ ಸಿಕ್ಕಿತು. ಯಾರು ತಾನೇ ಟರ್ನಿಪ್ ಹೆರೆಯುತ್ತಾ ಕೂರುತ್ತಾರೆ? 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಹುಡುಗರ ಕಿಡಿಗೇಡಿತನ ಮಿತಿಮೀರಿತು. ಗೇಟು ಕಿತ್ತು ಒಯ್ಯುವುದು, ಕಿಟಕಿ ಒಡೆಯುವುದು, ದೀಪದ ಕಂಬ ಕೆಡವುವುದು. ಊರಿನ ಹಿರಿಯರು ಮೆರವಣಿಗೆ, ಪಾರ್ಟಿ ಎಂದು ಅವರನ್ನು ಪಳಗಿಸಹೊರಟರು. ಮಿನ್ನೆಸೋಟದ ಅನೋಕಾ ಊರು 1920ರಲ್ಲೇ ಶುರುಮಾಡಿತು. 'ಟ್ರಿಕ್ ಆರ್ ಟ್ರೀಟ್' ಎಂಬ ಮಾತು 1920ರ ದಶಕದ ಕೆನಡಾದ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಅರ್ಥ ಲಾರ್ ವಾನ್‌ನ ಧಮಕಿಯೇ. ಯುದ್ಧಕಾಲದ ಸಕ್ಕರೆ ರೇಷನ್ 1947ರಲ್ಲಿ ಮುಗಿದದ್ದೇ ತಡ, ಮಿಠಾಯಿ ಕಂಪನಿಗಳು ಹಬ್ಬವನ್ನು ಎತ್ತಿಕೊಂಡವು. ಅಲ್ಲಿಂದ ಸಿನಿಮಾ, ಟೀವಿ ಹತ್ತಿ ಅದು ತವರಿಗೆ ವಾಪಸಾಯಿತು, ದುಬೈಯಿಂದ ಬಂದ ಸೋದರಮಾವನ ಹಾಗೆ. ಈಗ ಐರ್ಲೆಂಡಿನವರು, ಇದೆಲ್ಲ ಅಮೆರಿಕದ ಹುಚ್ಚು, ನಮ್ಮದಲ್ಲ ಎಂದು ಗೊಣಗುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಂಡರೆ ನಮ್ಮವರು ಗೊಣಗುವುದೂ ಅದೇ ರಾಗದಲ್ಲಿ.

ಅವತ್ತು ಐದಕ್ಕೆ ಮುಂಚೆಯೇ ಸೂರ್ಯ ಮುಳುಗಿದ. ಪಟಾಕಿಯ ಸದ್ದು ಅಲ್ಲಲ್ಲಿ ಕೇಳುತ್ತಿತ್ತು. ಸುರುಸುರು ಬತ್ತಿಯಂಥ ಸಣ್ಣಪುಟ್ಟದ್ದು ಬಿಟ್ಟರೆ ಈ ದೇಶದಲ್ಲಿ ಪರವಾನಗಿಯಿಲ್ಲದೆ ಪಟಾಕಿ ಹೊಡೆಯುವುದು ಅಪರಾಧ. ಆದ್ದರಿಂದ ದೀಪಾವಳಿಯ ಸದ್ದು ಕೇಳಬೇಕೆಂದರೆ ನಾವು ಹ್ಯಾಲೋವೀನಿನ ಪುಂಡು ಹುಡುಗರನ್ನೇ ನಂಬಬೇಕು. ಟರ್ನಿಪ್ಪಿನೊಳಗೆ ಮೋಂಬತ್ತಿ ಇಟ್ಟು ಮೆಟ್ಟಿಲ ಮೇಲೆ ಇಟ್ಟೆವು, ಪಕ್ಕದಲ್ಲಿ ಎರಡು ಹಣತೆ. ಸ್ವಲ್ಪ ಹೊತ್ತಿಗೆ ಟರ್ನಿಪ್ಪಿನ ಮುಚ್ಚಳ ಒಳಗಿನಿಂದ ಸುಟ್ಟು ಸೀದ ಎಲೆಕೋಸಿನ ನಾತ ಬೀದಿಗೆಲ್ಲ ಹಬ್ಬಿತು. ಅಜ್ಜಿ ತಮ್ಮ ಬಾಗಿಲಲ್ಲಿ ನಿಂತು ಮೂಗರಳಿಸಿ ಆ ನಾತವನ್ನು ಎಳೆದುಕೊಂಡರು. ಮಗಳು ಮಾಟಗಾತಿ ಟೋಪಿಯಲ್ಲಿ ಅವರ ಮುಂದೆ ಹೋಗಿ ನಿಂತು ಶಾಲೆಯಲ್ಲಿ ಕಲಿತ ಐರಿಷ್ ಪದ್ಯ ಒಪ್ಪಿಸಿದಳು. ಅದು ಮುಗಿದ ಮೇಲೆ ಅಜ್ಜಿ ನನ್ನ ಕಡೆ ತಿರುಗಿ, "ನಿನ್ನದು?" ಎಂದರು. ಅಂಟಿಗೆ ಪಿಂಟಿಗೆಯ ಬಾಗಿಲು ತೆಗೆಸುವ ಹಾಡಿನ ಎರಡು ಸಾಲು ಗುನುಗಿ ಅಲ್ಲಿಗೇ ಸಿಕ್ಕಿಕೊಂಡೆ. ಅರ್ಧ ಹಾಡಿಗೆ ಅರ್ಧ ಚಾಕೊಲೇಟ್ ಎಂದು ನಿಜವಾಗಿಯೂ ಮುರಿದು ಕೊಟ್ಟರು.

ಶನಿವಾರ ಬಲಿಪಾಡ್ಯಮಿ. ಇಲ್ಲಿ ಸಂಜೆ ಐದೂವರೆ, ಊರಲ್ಲಿ ರಾತ್ರಿ ಹನ್ನೊಂದು. ಹಾಡಿನ ಮುಂದಿನ ಸಾಲು ಕೇಳೋಣವೆಂದು ಅಮ್ಮನಿಗೆ ಫೋನು ಮಾಡಿದರೆ, "ತಡಿ ಮಾರಾಯ, ಅವರೇ ಬಂದ್ರು," ಎಂದು ಫೋನನ್ನು ಜಗಲಿಯಲ್ಲೇ ಇಟ್ಟು ಎಣ್ಣೆ ತರಲು ಒಳಗೆ ಹೋದಳು. ಐದಾರು ಗಂಡಸರ ದನಿ, ಯಾವುದೋ ಸಾಲಿನ ನಡುವಿನಿಂದ. ಶಬ್ದ ಒಡೆದು ಒಡೆದು ಬರುತ್ತಿತ್ತು, ಪದ ಹಿಡಿಯಲು ಆಗಲಿಲ್ಲ. ಹಾಡು ಮುಗಿದ ಮೇಲೆ ಮಗಳು ಫೋನು ಕಿತ್ತುಕೊಂಡು ಕೇಳಿದಳು.

"ಅಜ್ಜೀ, ಅವ್ರು ಎಂತ ವೇಷ ಹಾಕಿದಾರೆ?"

"ವೇಷ ಎಂತಕ್ಕೆ ಪುಟ್ಟಿ? ಕಂಬಳಿ ಹೊದ್ದಿದಾರೆ ಅಷ್ಟೆ. ಚಳಿ ಇಲ್ಲಿ."

ಆಮೇಲೆ ಸ್ವಲ್ಪ ಹೊತ್ತು ನಮ್ಮ ಮನೆಯ ನಾಯಿ ಬೊಗಳುವುದು ಕೇಳಿತು. ಅದು ನಿಂತ ಮೇಲೆ, ಇನ್ನೂ ದೂರದಲ್ಲಿ, ಮುಂದಿನ ಮನೆಯದು.